ಆಮೆಗೆ ಮನೆ ಕೊಟ್ಟ ಕರಡಿ

ಹೊನ್ನೆಮರಡಿ ಎಂಬ ಕಾಡಿನಲ್ಲಿ ಒಂದು ಕೆರೆಯಿತ್ತು. ಕೆರೆಯ ಮೇಲಿನ ದಿಬ್ಬದಲ್ಲಿ, ಬೆಚ್ಚನೆಯ ಒಣ ಗುಹೆಯೊಂದರಲ್ಲಿ ಜಡೆಯಪ್ಪ ಎಂಬ ಕರಡಿ ವಾಸವಾಗಿದ್ದ. ಮಕ್ಕಳೇ, ಈ ಜಡೆಯಪ್ಪನ ಮನಸ್ಸು ಬೆಣ್ಣೆಯಂಥದು. ಯಾರ ಕಣ್ಣಲ್ಲಿ ನೀರು ಕಂಡರೂ ಅವನ ಮೂಗಿನಲ್ಲಿ ನೀರು ಸುರಿಯುತ್ತಿತ್ತು. ಆದರೆ ಅವನಲ್ಲೊಂದು ಕೊರತೆಯಿತ್ತು. ಅವನು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಒಂದು ವರ್ಷ ಮಳೆ ಹುಚ್ಚೆದ್ದು ಸುರಿಯಿತು. ಕೆರೆ ಕೋಡಿ ಬಿದ್ದು, ದಡದ ಬಿಲಗಳೆಲ್ಲ ನೀರುಪಾಲಾದವು. ಎಷ್ಟೋ ಪ್ರಾಣಿಗಳು ಮನೆಯಿಲ್ಲದೆ, ತುತ್ತು ಕೂಳಿಲ್ಲದೆ ಬಯಲಿಗೆ ಬಿದ್ದವು. ಜಡೆಯಪ್ಪ ಕೂಡಲೇ ‘ನೊಂದವರ ನೆರವಿನ ಸಂಘ’ ಕಟ್ಟಿದ. ಅಧ್ಯಕ್ಷ ತಾನೇ. ಸ್ವಯಂಸೇವಕಿ ಚೆನ್ನಿ ಎಂಬ ಕೋತಿ.

“ಮೊದಲು ಯಾರಿಗೇನು ಬೇಕು ಅಂತ ವಿಚಾರಿಸೋಣವೇ?” ಎಂದಳು ಚೆನ್ನಿ.

“ವಿಚಾರಿಸುವುದೇನಮ್ಮ? ಹಸಿದವರಿಗೆ ಜೇನು ಬೇಕು. ಜೇನು ಯಾರಿಗೆ ಬೇಡ?”

ಮೊದಲ ಪಾಲು ಉದ್ದಯ್ಯ ಎಂಬ ಕೊಕ್ಕರೆಗೆ ಹೋಯಿತು. “ನಾನು ಮೀನು...” ಎಂದು ಅವನು ಬಾಯಿ ತೆರೆದದ್ದೇ ತಡ, ಜಡೆಯಪ್ಪ ಒಂದು ಬೊಗಸೆ ಜೇನು ಸುರಿದ. ಕೊಕ್ಕು ಅಂಟಿಕೊಂಡಿತು. “ಮ್ಮ್, ಮ್ಮ್” ಎಂದು ಉದ್ದಯ್ಯ ರೆಕ್ಕೆ ಬಡಿದ.

“ನೋಡು ಚೆನ್ನಿ, ರುಚಿಗೆ ಮಾತೇ ಹೊರಡುತ್ತಿಲ್ಲ” ಎಂದು ಜಡೆಯಪ್ಪ ಕಣ್ಣೊರೆಸಿಕೊಂಡ.

ಮುಂದೆ ಮುಳ್ಳುಪೊದೆಯ ಕೆಳಗೆ ಸೂಜವ್ವ ಎಂಬ ಮುಳ್ಳುಹಂದಿ ಎರಡು ಮರಿಗಳನ್ನು ತಬ್ಬಿಕೊಂಡು ಮುದುರಿ ಕೂತಿದ್ದಳು. ಮರಿಗಳು ಹಸಿವಿನಿಂದ ಕುಂಯ್‌ಗುಡುತ್ತಿದ್ದವು.

“ಇವಳಿಗೆ?” ಎಂದಳು ಚೆನ್ನಿ ಮೆಲ್ಲಗೆ.

“ಇವಳಿಗೇನು ಕಡಿಮೆ? ಬೆನ್ನ ತುಂಬ ಸೌದೆ ಹೊತ್ತಿದ್ದಾಳೆ. ಅನುಕೂಲಸ್ಥರ ಮನೆಯವಳು” ಎಂದು ಜಡೆಯಪ್ಪ ಮುಂದೆ ನಡೆದ. ಸೂಜವ್ವ ಕೇಳಿಸಿಕೊಂಡಳು. ಮರಿಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಆಗ ಎದುರಿಗೆ ಬಂದವಳು ಗುಂಡವ್ವ ಎಂಬ ಆಮೆ. ಜಡೆಯಪ್ಪನ ಕರುಳು ಚುರಕ್ ಎಂದಿತು. “ಅಯ್ಯೋ ತಾಯಿ, ಮನೆಯಿಲ್ಲದೆ ಅಲೆಯುತ್ತಿದ್ದೀಯಾ?”

“ಮನೆ ಬೆನ್ನ ಮೇಲೇ ಇದೆಯಲ್ಲಪ್ಪ.”

“ಇಳಿಸಲು ಒಂದು ಜಾಗವೂ ಸಿಗಲಿಲ್ಲವೇ?” ಎಂದು ಅವನು ಬಿಕ್ಕಿದ.

ಗುಂಡವ್ವ ಬೇಡ ಬೇಡ ಎನ್ನುತ್ತಿದ್ದಂತೆಯೇ ಅವಳನ್ನು ಹೆಗಲಿಗೇರಿಸಿ, ಕೆರೆಯ ದಡದ ದೊಡ್ಡ ಅತ್ತಿಮರ ಹತ್ತಿ, ತುದಿಯ ಕವಲಿನಲ್ಲಿ ಕೂರಿಸಿದ. “ಗಾಳಿ, ಬೆಳಕು ಎಲ್ಲ ಇದೆ. ಗೃಹಪ್ರವೇಶ ಮುಗಿಯಿತು” ಎಂದು ಕೈ ಜೋಡಿಸಿದ. ಜೋಡಿಸಲು ಕೊಂಬೆಯನ್ನು ಬಿಡಬೇಕಾಯಿತು. ಬಿಟ್ಟ. ಆಯತಪ್ಪಿ ಆ ಕವಲಿನ ಮೇಲೇ ಬಿದ್ದ; ಮುರಿದ ಕೊಂಬೆ, ಕರಡಿ, ಆಮೆ ಮೂರೂ ಕೆಳಗೆ ಬಂದವು.

ಗುಂಡವ್ವ ಕೆರೆಗೆ ಬಿದ್ದು ನೆಮ್ಮದಿಯಾಗಿ ಈಜಿಕೊಂಡು ಹೋದಳು. ಜಡೆಯಪ್ಪ ನೆಲಕ್ಕೆ ಬಿದ್ದು ಕಾಲು ಉಳುಕಿಸಿಕೊಂಡ. ಏಳಲಾಗಲಿಲ್ಲ. ಸಂಜೆಯ ಹೊತ್ತಿಗೆ ಹೊಟ್ಟೆ ತಾಳ ಹಾಕತೊಡಗಿತು.

ಸುದ್ದಿ ಹರಡಿತು. ಪ್ರಾಣಿಗಳು ಓಡೋಡಿ ಬಂದವು. ಮೊಲ ಬಂದು ಅವನ ಬಾಯಿಗೆ ಗರಿಕೆ ತುರುಕಿತು. ಬಾತುಕೋಳಿ ಕೆರೆಯ ಪಾಚಿ ಸುರಿಯಿತು. ಸಗಣಿಹುಳವಂತೂ ತನ್ನ ಉಂಡೆಯನ್ನು ಉರುಳಿಸಿಕೊಂಡು ಬಂದು, “ಸಂಕೋಚ ಬೇಡ ಅಣ್ಣ, ಪೂರ್ತಿ ತಗೊ” ಎಂದಿತು. ಜಡೆಯಪ್ಪ ಏನೋ ಹೇಳಹೊರಟ. ಬಾಯಿ ತುಂಬ ಗರಿಕೆ.

“ಪಾಪ, ಸಂತೋಷಕ್ಕೆ ಮಾತು ಬರುತ್ತಿಲ್ಲ” ಎಂದು ಎಲ್ಲರೂ ತೃಪ್ತಿಯಿಂದ ಮರಳಿದರು.

ಕೊನೆಗೆ ಸೂಜವ್ವ ಮರಿಗಳೊಂದಿಗೆ ಬಂದಳು. ಗರಿಕೆಯನ್ನು ಹೊರಗೆಳೆದು ಕೇಳಿದಳು: “ಅಣ್ಣ, ನಿನಗೇನು ಬೇಕು?”

ಜಡೆಯಪ್ಪ ಬಾಯಿ ಒರೆಸಿಕೊಂಡ. “ಒಂದಿಷ್ಟು ಗೆದ್ದಲು” ಎಂದ ಸಣ್ಣ ದನಿಯಲ್ಲಿ.

“ಹಾಗಾದರೆ ಮರಿಗಳನ್ನು ನೋಡಿಕೊ” ಎಂದು ಅವಳು ಹೋಗಿ ಹುತ್ತ ಕೆದರಿ ಗೆದ್ದಲು ತಂದಳು. ಅವನು ತಿಂದು ಮುಗಿಸಿ, ಅವಳ ಕಡೆ ತಿರುಗಿ ಕೇಳಿದ:

“ಸೂಜವ್ವ, ನಿನಗೇನು ಬೇಕಮ್ಮ?”

“ಮರಿಗಳನ್ನು ಬಯಲಲ್ಲಿ ಬಿಟ್ಟುಹೋದರೆ ನರಿ ಎತ್ತಿಕೊಂಡು ಹೋಗುತ್ತದೆ. ಅದಕ್ಕೇ ಗೆಣಸು ಅಗೆಯಲು ಹೋಗಲಾಗಿಲ್ಲ. ಇವರನ್ನು ಇಡಲು ಒಂದು ಒಣ ಜಾಗ ಸಿಕ್ಕರೆ ಸಾಕು. ಊಟ ನಾನೇ ತರುತ್ತೇನೆ.”

ಅಂದೇ ಸೂಜವ್ವನ ಸಂಸಾರ ಜಡೆಯಪ್ಪನ ಗುಹೆಗೆ ಬಂತು. ಮರಿಗಳು ಗೆಣಸು ತಿಂದು ದುಂಡಗಾದವು, ಅವುಗಳ ಮುಳ್ಳುಗಳೂ ಚೆನ್ನಾಗಿ ಬಲಿತವು. ಜಡೆಯಪ್ಪ ಈಗ ಮಗ್ಗುಲು ಬದಲಿಸುವ ಮುಂಚೆಯೂ ಕೇಳುತ್ತಾನೆ: “ಈ ಕಡೆ ಹೊರಳಲೇ?”

ನೀತಿ: ಕೊಡುವ ಕೈ ಚಾಚುವ ಮುನ್ನ, ಕೇಳುವ ಕಿವಿ ತೆರೆದಿರಬೇಕು.