ನಕ್ಷತ್ರ ಹೊತ್ತ ಪದ

ತುಂಗಭದ್ರೆಯ ದಡದ ಒಂದು ಪಾಠಶಾಲೆಯಲ್ಲಿ ಅನಂತಬೋಧರೆಂಬ ಗುರುಗಳಿದ್ದರು. ಪದಗಳ ಮೂಲ ಹುಡುಕುವುದೇ ಅವರ ಪಾಠ.

ಶಿಷ್ಯ ಶ್ರುತಕೀರ್ತಿಗೆ ಹಳೆಯ ಪದವೊಂದು ಸಿಕ್ಕರೆ ಊಟ ನಿದ್ದೆ ಬೇಕಿರಲಿಲ್ಲ. ಮನುಷ್ಯರೆಂದರೆ ಮಾತ್ರ ಅಷ್ಟಕ್ಕಷ್ಟೆ.

ಒಂದು ಬೆಳಿಗ್ಗೆ ಹಾಲು ಬರಲಿಲ್ಲ.

"ಖಾಸಿಂಬಿ ಎಲ್ಲಿ?" ಗುರುಗಳು ಕೇಳಿದರು. ಹನ್ನೆರಡು ವರ್ಷದಿಂದ ಹಾಲು ತಂದು, ಕಾಸಿ, ಎಲ್ಲರ ಕೈಗೂ ಲೋಟ ಕೊಟ್ಟೇ ಹೋಗುತ್ತಿದ್ದ ಮುದುಕಿ ಅವಳು.

"ಬರಬೇಡ ಅಂದೆ ಗುರುಗಳೇ," ಎಂದ ಶ್ರುತಕೀರ್ತಿ. " ಲೋಟ ಕೊಡುವಾಗ ದಿನಾ ‘ಗರಂ ಐತಿ’ ಅಂತಾಳೆ. ಪರದೇಶದ ಪದ. ‘ಬಿಸಿ’ ಅನ್ನು, ಇಲ್ಲದಿದ್ದರೆ ಒಳಗೆ ಕಾಲಿಡಬೇಡ ಅಂದೆ."

"ಅವಳೇನಂದಳು?"

"ಪಾತ್ರೆ ತೊಳೆದಿಟ್ಟು ಹೋದಳು."

ಗುರುಗಳ ಮುಖ ಸಣ್ಣದಾಯಿತು. ಅವನನ್ನು ಹೊಳೆದಂಡೆಗೆ ಕರೆದುಕೊಂಡು ಹೋದರು.

"ವೇದದಲ್ಲಿ ಕಾದ ಹಾಲಿಗೆ ಏನಂತಾರೆ? ಬರಿ."

ಶಿಷ್ಯ ಮರಳಿನ ಮೇಲೆ ‘ಘರ್ಮ’ ಎಂದು ಬರೆದ.

"ಪಾರಸಿಯವರು ಬಿಸಿಗೆ?"

ಒಲ್ಲದ ಮನಸ್ಸಿನಿಂದ ಪಕ್ಕದಲ್ಲಿ ‘ಗರ್ಮ್’ ಎಂದು ಬರೆದ. "ಇದೇ ಇಲ್ಲಿಗೆ ಬಂದು ಗರಂ ಆಯಿತು."

"ಇವೆರಡರ ತಾಯಿ?"

ಶ್ರುತಕೀರ್ತಿಯ ಕಣ್ಣರಳಿತು. ಎರಡಕ್ಕೂ ಮೇಲೆ, ಮುಂದೊಂದು ನಕ್ಷತ್ರದ ಗುರುತು ಹಾಕಿ, ‘*ಘರ್ಮಸ್’ ಎಂದು ಬರೆದ.

"ನಿಮ್ಮ ಪುಸ್ತಕದಲ್ಲಿ ನೋಡಿದೆ. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಶುದ್ಧ. ಸ್ನಾನ ಮಾಡಿ ದಿನಾ ನೂರೆಂಟು ಸಲ ಜಪಿಸ್ತೀನಿ."

"ಜಪಿಸ್ತೀಯಾ!" ಗುರುಗಳಿಗೆ ನಗು ತಡೆಯಲಾಗಲಿಲ್ಲ. "ಆ ನಕ್ಷತ್ರ ಯಾಕೆ?"

"ಪವಿತ್ರ ಅಂತ."

"ಅಲ್ಲಪ್ಪ. ಇದು ಯಾವ ಹಳೆಯ ಗ್ರಂಥದಲ್ಲೂ ಸಿಕ್ಕಿಲ್ಲ ಅಂತ. ಆಡಿದ್ದನ್ನು ಕೇಳಿದವರು ಯಾರೂ ಉಳಿದಿಲ್ಲ. ಮಕ್ಕಳ ಮುಖ ನೋಡಿ, ತಾಯಿ ಹೀಗಿದ್ದಿರಬೇಕು ಅಂತ ಪಂಡಿತರು ಊಹಿಸಿದ್ದು."

ಗುರುಗಳು ಬಗ್ಗಿ ‘ಗರ್ಮ್’ ಅನ್ನು ಅಂಗೈಯಿಂದ ಅಳಿಸಿದರು.

"ಈಗ ಇದೊಂದನ್ನೇ ನೋಡಿ ತಾಯಿಯನ್ನು ಊಹಿಸು."

ಉಳಿದ ಒಂದೇ ಮಗು ‘ಘರ್ಮ’ವನ್ನು ಶಿಷ್ಯ ನೋಡಿದ.

"ಆಗಲ್ಲ ಗುರುಗಳೇ. ಇದಕ್ಕೊಂದು ಒಡಹುಟ್ಟು ಇತ್ತು ಅಂತಲೇ ಗೊತ್ತಾಗಲ್ಲ."

ಅವನಿಗೆ ನಾಚಿಕೆಯಾಯಿತು. ಕೂತಲ್ಲಿ ಕೂರಲಾಗಲಿಲ್ಲ.

"ಈಗಲೇ ಖಾಸಿಂಬಿ ಮನೆಗೆ ಹೋಗ್ತೀನಿ. ಇನ್ನು ಮುಂದೆ ಆ ಪದ ಆಡಬಹುದು, ನನ್ನದೇನೂ ಅಡ್ಡಿಯಿಲ್ಲ ಅಂತ ಹೇಳಿ ಬರ್ತೀನಿ."

ಗುರುಗಳು ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ನೀನಿಲ್ಲೇ ಇರು. ತಪ್ಪಾಯ್ತು ಅನ್ನೋದನ್ನ ನಿನಗೆ ನಾನಿನ್ನೂ ಕಲಿಸಿಲ್ಲ. ಅದನ್ನ ನಾನೇ ಹೋಗಿ ಹೇಳಿ ಬರ್ತೀನಿ."