ಕಟ್ಟೆಯಿಲ್ಲದ ಬೇವು

ಕರಿಗುಂದಿಯ ಅಗಸೆಬಾಗಿಲು ದಾಟಿದ ಕೂಡಲೇ ಎಡಕ್ಕೆ ಒಂದು ಮುದಿ ಬೇವಿನ ಮರವಿದೆ. ಇಷ್ಟು ವಯಸ್ಸಾದ ಮರಕ್ಕೆ ಕಲ್ಲಿನ ಕಟ್ಟೆ ಇಲ್ಲದಿರುವುದು ಈ ಸೀಮೆಯಲ್ಲಿ ಬೇರೆಲ್ಲೂ ಕಾಣದು. ನೆರಳಿಗೆಂದು ಬಂದವರು ಕೂರಲು ಜಾಗ ಹುಡುಕಿ, ಸಿಗದೆ, ಗೊಣಗುತ್ತ ಮುಂದೆ ಹೋಗುತ್ತಾರೆ. ಊರವರು ಅದನ್ನು ಕಟ್ಟೆಯಿಲ್ಲದ ಬೇವು ಎನ್ನುತ್ತಾರೆ. ಊರಿನ ವ್ಯಾಜ್ಯಗಳು ಇಂದಿಗೂ ಅದರ ಕೆಳಗೇ ತೀರುತ್ತವೆ; ಆದರೆ ಎಂಥ ಹಿರಿಯನಾದರೂ ಅಲ್ಲಿ ನಿಂತೇ ಮಾತಾಡಬೇಕು. ಇದಕ್ಕೆ ಕಾರಣಳಾದವಳು ಗುರಬಸವ್ವ ಎಂಬ ವಿಧವೆಯಂತೆ.

ಹಿಂದೆ ಒಮ್ಮೆ, ಇಲ್ಲಿನ ಮನೆಗಳೆಲ್ಲ ಮಣ್ಣಿನ ಮಾಳಿಗೆಯವಾಗಿದ್ದ ಕಾಲದಲ್ಲಿ, ಗುರಬಸವ್ವನ ಮಗಳು ಚೆನ್ನವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ಬೆಚ್ಚನೆಯ ಕೋಣೆ ಬೇಕೆಂದು ತಾಯಿ ಹಳೆಯ ಗೋಡೆ ಕೆಡವಿಸಿ, ಹೊಸದಾಗಿ ಕಟ್ಟಿಸಲು ಹೊರಟಳು. ಗೋಡೆ ಒಡೆಯುತ್ತಿದ್ದ ಯಮನೂರನ ಹಾರೆಗೆ ದೇವರ ಗೂಡಿನ ಹಿಂದೆ ಒಂದು ಗಡಿಗೆ ತಾಗಿತು. ಒಳಗೆ ಕೊರಳ ಟೀಕಿ, ಸರ, ಕೈಯ ಪಾಟಲಿ, ಎಲ್ಲವೂ ಹಳೇ ಬಂಗಾರ. ಗುರಬಸವ್ವನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆಕೆಯ ಗಂಡ ಬೆವರು ಸುರಿಸಿ ಕೊಂಡ ಮನೆ ಅದು. ಆದರೆ ಕರಿಗುಂದಿಯಲ್ಲಿ ಒಂದು ಪದ್ಧತಿ ಇತ್ತು. ಮನೆ ಮಾರಿದರೂ ದೇವರ ಗೂಡನ್ನು ಮಾರುತ್ತಿರಲಿಲ್ಲ; ಹಳೆಯ ಮನೆತನದವರು ಅಮಾವಾಸ್ಯೆಗೆ ಬಂದು ಅಲ್ಲಿ ದೀಪ ಹಚ್ಚಿ ಹೋಗುತ್ತಿದ್ದರು. ಹೀಗಾಗಿ ಮನೆ ಮಾರಿದವರ ಮೊಮ್ಮಗ ಮುರಿಗೆಪ್ಪ ಸುದ್ದಿ ಕೇಳಿದ್ದೇ ತಡ ಓಡಿ ಬಂದು, ಗೂಡು ನಮ್ಮದಾದರೆ ಗೂಡಿನ ಹಿಂದಿನದೂ ನಮ್ಮದೇ, ನಮ್ಮ ಅಜ್ಜಿ ಮುತ್ತಜ್ಜಿಯರ ಮೈಮೇಲಿನ ಒಡವೆ ಇವು ಎಂದ.

ಆಗ ಬೇವಿಗೆ ಕಲ್ಲಿನ ಕಟ್ಟೆ ಇತ್ತು; ಮಾತು ಅಲ್ಲಿಗೆ ಹೋಯಿತು. ಹಿರಿಯ ಶಿವಪುತ್ರಪ್ಪ ಗಡಿಗೆಯನ್ನು ಗುಡಿಯಲ್ಲಿ ಇರಿಸಿ, ಗೋಡೆಯೇ ಸಾಕ್ಷಿ, ನ್ಯಾಯ ಮುಗಿಯುವ ತನಕ ಅದನ್ನು ಯಾರೂ ಮುಚ್ಚಕೂಡದು ಎಂದು ಕಟ್ಟಪ್ಪಣೆ ಮಾಡಿದ. ಅಲ್ಲಿಂದ ಶುರುವಾಯಿತು ನೋಡಿ. ಗಡಿಗೆಯ ಬಾಯಿ ಗೂಡಿನ ಕಡೆಗಿತ್ತು, ಹಾಗಾಗಿ ಮುರಿಗೆಪ್ಪನದು ಎಂದು ಕೆಲವರು. ತಳ ಕೋಣೆಯ ಕಡೆಗಿತ್ತು, ಹಾಗಾಗಿ ಗುರಬಸವ್ವನದು ಎಂದು ಕೆಲವರು. ಹೊರತೆಗೆದವನಿಗೇನು ಎಂದು ಯಮನೂರ ಕೇಳಿದ. ದಿನವೂ ಊಟ ಮುಗಿಸಿ ಬರುವುದು, ತಣ್ಣನೆಯ ಕಲ್ಲಿನ ಮೇಲೆ ಒರಗುವುದು, ಎಲೆಅಡಿಕೆ ಮೆಲ್ಲುವುದು, ನಾಳೆ ನೋಡೋಣ ಎನ್ನುವುದು. ಗುರಬಸವ್ವ ಹೋಗಿ ಹೋಗಿ ಕಾಲು ಸವೆಸಿದಳು. ಬಂಗಾರದ ಮಾತು ಇರಲಿ, ಗೋಡೆಯನ್ನಾದರೂ ಮುಚ್ಚಲು ಬಿಡಿ ಎಂದು ಕೈಮುಗಿದಳು. ಅವಸರ ಮಾಡಬಾರದು ತಂಗಿ ಎಂದರು. ಅಷ್ಟರಲ್ಲಿ ಮಗಳು ಬಂದಳು, ಹಿಂದೆಯೇ ಮಳೆಯೂ ಬಂತು. ಆಸರೆ ಕಳೆದುಕೊಂಡ ಮಾಳಿಗೆ ಕೋಣೆಯೊಳಗೆ ಕುಸಿಯಿತು. ಹೆರಿಗೆಯ ಸೂತಕ ತಟ್ಟುತ್ತದೆಂದು ನೆರೆಯವರು ಬಸುರಿಯನ್ನು ಮನೆಯೊಳಗೆ ಕರೆಯಲಿಲ್ಲ. ಚೆನ್ನವ್ವ ಪರರ ದನದ ಕೊಟ್ಟಿಗೆಯಲ್ಲಿ, ಎಮ್ಮೆಗಳ ಮಗ್ಗುಲಿಗೆ ಹಡೆದಳು. ಕೂಸಿಗೆ ಶೀತ ಹತ್ತಿತು. ಅದು ಬದುಕುತ್ತದೆಂದು ಸೂಲಗಿತ್ತಿಗೂ ಧೈರ್ಯವಿರಲಿಲ್ಲ.

ಅಂದು ಗುರಬಸವ್ವ ಯಮನೂರನ ಹಾರೆ ಕಸಿದುಕೊಂಡು ನೇರ ಕಟ್ಟೆಗೆ ಬಂದಳು.

“ಏಳ್ರಿ ಮ್ಯಾಲ. ಈ ಕಲ್ಲು ನನ್ನ ಗ್ವಾಡಿಗೆ ಬೇಕು,” ಎಂದಳು.

“ಇದು ಊರ ಕಟ್ಟಿ, ಗುರಬಸವ್ವ,” ಎಂದ ಶಿವಪುತ್ರಪ್ಪ.

“ನನ್ನ ಗ್ವಾಡಿ ಊರು ಹಿಡಕೊಂಡು ಕುಂತೈತಿ. ಊರ ಕಟ್ಟಿ ನಾ ಒಯ್ತೀನಿ.”

ಯಾರೂ ತಡೆಯಲಿಲ್ಲ, ತಡೆಯುವ ಮುಖವೂ ಇರಲಿಲ್ಲ ಎನ್ನುತ್ತಾರೆ. ಆಕೆ ಒಂದೊಂದೇ ಕಲ್ಲು ಕಿತ್ತು ಉರುಳಿಸಿದಳು. ಸ್ವಲ್ಪ ಹೊತ್ತಿಗೆ ಊರಿನ ಹೆಂಗಸರು ಸೆರಗು ಕಟ್ಟಿ ಬಂದು ಹೊರಲು ನಿಂತರು. ಕಟ್ಟೆ ಇಲ್ಲದ ಮೇಲೆ ಹಿರಿಯರು ಕೆಸರಿನಲ್ಲಿ ನಿಂತರು. ಎಲೆಅಡಿಕೆ ಇಡಲು ಜಾಗವಿಲ್ಲ, ಮೊಣಕಾಲು ನೋವು, ಮೇಲಿನಿಂದ ತೊಟ್ಟಿಕ್ಕುವ ನೀರು. ಅಷ್ಟು ದಿನ ಎಳೆದಾಡಿದ ನ್ಯಾಯ ಕಲ್ಲು ಸಾಗಿಸಿ ಮುಗಿಯುವಷ್ಟರಲ್ಲಿ ತೀರಿತು. ಬಚ್ಚಿಟ್ಟವರ ಮನೆತನಕ್ಕೆ ಅರ್ಧ, ಗೋಡೆಯನ್ನು ಇಷ್ಟು ವರ್ಷ ಸಾರಿಸಿ ಕಾಪಾಡಿದವಳಿಗೆ ಅರ್ಧ, ಯಮನೂರನಿಗೆ ಇಬ್ಬರ ಪಾಲಿನಿಂದ ಒಂದೊಂದು ಪಾಟಲಿ. ಮುರಿಗೆಪ್ಪನೂ ತಲೆಯಾಡಿಸಿದ. ಶಿವಪುತ್ರಪ್ಪ ತಾನೇ ಗುರಬಸವ್ವನ ಪಾಲಿನ ಒಡವೆಯನ್ನು ವಸ್ತ್ರದಲ್ಲಿ ಕಟ್ಟಿ ತಂದು ಆಕೆಯ ಮುಂದೆ ಹಿಡಿದ. ಗುರಬಸವ್ವ ಅದನ್ನು ನೋಡಿದಳು, ಆದರೆ ಕೈ ಚಾಚಲಿಲ್ಲ.

“ಇಷ್ಟ ಮಾತು ಹೇಳಾಕ ನನ್ನ ಮಗಳನ್ನ ಎಮ್ಮಿ ಮಗ್ಗಲಾಗ ಹಡಿಸಿದ್ರೇನ್ರಿ?”

ಒಡವೆ ಆಮೇಲೆ ಮಗಳ ಕೈ ಸೇರಿತು, ಕೂಸು ಉಳಿಯಿತು. ಕಟ್ಟೆಯನ್ನು ಮತ್ತೆ ಕಟ್ಟುವ ಮಾತು ಬಂದಾಗಲೆಲ್ಲ ಊರಿನ ಹೆಂಗಸರು ಅಡ್ಡ ಬಂದಿದ್ದಾರೆ. ಓಣಿಯ ಕೊನೆಯಲ್ಲಿ ಗುರಬಸವ್ವನ ಗೋಡೆ ಇಂದಿಗೂ ಇದೆ. ಅದರ ಕಲ್ಲುಗಳು ಹಿರಿಯರು ಕೂತು ಕೂತು ನುಣುಪಾದಂಥವು. ಅವುಗಳಲ್ಲೊಂದರ ಮೇಲೆ, ವಾದ ಸಾಗುತ್ತಿದ್ದಾಗ ಹಿರಿಯರು ಆಡುತ್ತಿದ್ದ ಆಡುಹುಲಿ ಆಟದ ಗೆರೆಗಳನ್ನು ನೋಡಬಹುದು. ಆ ಕಲ್ಲನ್ನು ಗುರಬಸವ್ವ ನೆಟ್ಟಗೆ ನಿಲ್ಲಿಸಿ ಕಟ್ಟಿದ್ದಾಳೆ. ಅದರ ಮೇಲೆ ಆಟದ ಒಂದು ಹರಳೂ ಕೂರುವುದಿಲ್ಲ.