ರಾಗಿಹಿಟ್ಟಿಗೆ ಇಲಿ ಕೇಳಿದ್ದು

ಚಿಟಿಕೆ ಗೋಧಿ ಹೊಟ್ಟೆಗೆ ಹೋದರೂ ನರಳುವ ಮರಿಗಾಗಿ ಊಟ ಹುಡುಕುತ್ತಾ ತಾಯಿ ಇಲಿಯೊಂದು ಹಿಟ್ಟಿನ ಗಿರಣಿಗೆ ಬಂದಿತು.

“ನನ್ನನ್ನು ಒಯ್ಯಮ್ಮ, ನಾನು ಅಪ್ಪಟ ರಾಗಿ,” ಎಂದಿತು ಡಬ್ಬಿಯಲ್ಲಿದ್ದ ರಾಗಿಹಿಟ್ಟು.

“ನಿನ್ನ ಕುಲ ಕೇಳಲಿಲ್ಲ. ಯಂತ್ರದಲ್ಲಿ ನಿನಗಿಂತ ಮುಂಚೆ ಬೀಸಿದ್ದೇನು?”

“ಗೋಧಿ. ಆದರೆ ಅದು ಇಳಿದ ಮೇಲೆಯೇ ನಾನು ಹತ್ತಿದ್ದು. ಅದರ ಮುಖವನ್ನೂ ನೋಡಿಲ್ಲ!”

“ನಡುವೆ ಯಂತ್ರವನ್ನು ಯಾರಾದರೂ ಗುಡಿಸಿದರೇ?”

ಹಿಟ್ಟಿಗೆ ರೇಗಿತು. “ಇಷ್ಟೊಂದು ಅನುಮಾನವೇ? ಹೀಗಾದರೆ ನಿನ್ನ ಮರಿ ಉಪವಾಸ ಸಾಯುತ್ತೆ, ನೋಡ್ತಿರು.”

“ನೀನು ಸುಳ್ಳು ಹೇಳುತ್ತಿಲ್ಲ. ಆದರೆ ನಿನ್ನೊಳಗೆ ಏನೇನು ಬೆರೆತಿದೆ ಎಂಬುದು ನಿನಗೇ ತಿಳಿಯದು,” ಎಂದ ಇಲಿ, ಇನ್ನೂ ಬೀಸದ ರಾಗಿಯ ಚೀಲವನ್ನು ಕಡಿದು, ಒಂದೊಂದು ಕಾಳನ್ನೂ ಮೂಸಿ ನೋಡಿಯೇ ಮರಿಗೆ ಒಯ್ದಿತು.